ಮನೆಯ ಪಾತ್ರೆಗೆ ಉಳಿದ ಕಲಾಯಿ

ಮಾನ್ವಿ
೧೪-೧೨-೧೯೮೩, ಬುಧವಾರ

ರಂಜಾನಬಿಯ ಅಬ್ಬಾ ಅವರಿಗೆ ವಾಹಿದಾಳ ಸಲಾಮು.

ನೀವು ಹೇಗಿದ್ದೀರಿ? ಕಾಗದದ ಮೊದಲ ಸಾಲಿನಲ್ಲಿ ಹೀಗೆ ಕೇಳಬೇಕು ಎಂದು ಕೇಳಿದ್ದಲ್ಲ, ನಿಜವಾಗಿಯೂ ಕೇಳುತ್ತಿದ್ದೇನೆ. ಈ ಸಾಲು ಓದಿದ ಕೂಡಲೇ ಕಾಗದ ಕೆಳಗಿಡಿ. ಎರಡೂ ಕೈ ಮುಂದಕ್ಕೆ ಚಾಚಿ, ಅಂಗೈ ನೆಲದ ಕಡೆಗೆ ಇರಲಿ, ಮಣಿಕಟ್ಟನ್ನು ಮೇಲಕ್ಕೆತ್ತಿ ನೋಡಿ. ಏಳುತ್ತದೆಯೋ, ಒದ್ದೆ ಬಟ್ಟೆಯ ಹಾಗೆ ಜೋತು ಬೀಳುತ್ತದೆಯೋ? ಬೆರಳ ತುದಿಯಲ್ಲಿ ಇರುವೆ ಹರಿದಂತೆ ಆಗುತ್ತದೆಯೇ? ಹೊಟ್ಟೆ ಆಗಾಗ ಹಿಂಡಿ ಹಿಂಡಿ ನೋಯುತ್ತದೆಯೇ? ಇದರಲ್ಲಿ ಒಂದಾದರೂ ಇದ್ದರೆ ವಾಯು ಎಂದುಕೊಂಡು ಸುಮ್ಮನೆ ಕೂರಬೇಡಿ, ಬೊಂಬಾಯಿಯಲ್ಲಿ ಡಾಕ್ಟರುಗಳಿಗೇನು ಬರಗಾಲವಿಲ್ಲ, ಹೋಗಿ ತೋರಿಸಿ. ನಿಮ್ಮ ಮೇಲೆ ನನಗೆ ಇರುವ ಸಿಟ್ಟನ್ನು ಬರೆದು ಮುಗಿಸಲು ಈ ಕಾಗದ ಸಾಲುವುದಿಲ್ಲ. ಆದರೂ ನಿಮ್ಮ ಕೈ ಗಟ್ಟಿಯಾಗಿರಲಿ ಎಂದೇ ಬೇಡುತ್ತೇನೆ. ಆ ಕೈಯಿಂದ ನೀವು ಒಂದು ಕಾಗದ ಬರೆಯಬೇಕಾಗಿದೆ, ಅದೂ ಬೇಗ.

ನನ್ನ ಅಕ್ಷರ ನೋಡಿ ನಗಬೇಡಿ. ಏಳನೇ ಕ್ಲಾಸಿನಲ್ಲಿ ಚೆಂದ ಬರೆಯುತ್ತೇನೆಂದು ಮಾಸ್ತರರು ನನ್ನ ಹಲಗೆಯನ್ನು ಎಲ್ಲರಿಗೂ ತೋರಿಸುತ್ತಿದ್ದರು. ಈಗ ಕಾಗೆ ಕಾಲು ಗುಬ್ಬಿ ಕಾಲು. ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡು ಬರೆಯುತ್ತಿದ್ದೇನೆ, ಹತ್ತು ಸಾಲಿಗೊಮ್ಮೆ ಪೆನ್ನು ಜಾರುತ್ತದೆ. ಬೇರೆ ಯಾರಿಂದಲಾದರೂ ಬರೆಸಬಹುದಿತ್ತು. ಆದರೆ ನಾನು ಬರೆಯಬೇಕೆಂದಿರುವುದನ್ನು ಇನ್ನೊಬ್ಬರ ಬಾಯಿಗೆ ಹಾಕಲು ನನಗೆ ನಾಚಿಕೆ, ನೀವೂ ಇದನ್ನು ಇನ್ನೊಬ್ಬರಿಂದ ಓದಿಸಿಕೊಳ್ಳಬೇಡಿ. ಎರಡು ದಿನವಾಗಲಿ, ಮೂರು ದಿನವಾಗಲಿ, ಬರೆದು ಮುಗಿಸಿಯೇ ಏಳುತ್ತೇನೆ.

ಸೆಪ್ಟೆಂಬರಿನಲ್ಲಿ ನೀವು ಬರೆದ ಕಾಗದ ನನ್ನ ಪೆಟ್ಟಿಗೆಯಲ್ಲಿದೆ. ಅಮ್ಮಿ ಹೇಳಿದಂತೆ ಕೇಳು. ನಿನ್ನ ಅಬ್ಬಾನ ಮನೆಗೆ ಹೋಗಿ ಇರು. ಮಗು ದೇವದುರ್ಗದಲ್ಲೇ ಇರಲಿ. ಇಷ್ಟೇ, ಮೂರು ಸಾಲು. ಹೆಂಡತಿಗೆ ಏನಾಗಿದೆ, ಯಾರು ನೋಡಿದರು, ಏನು ತಿನ್ನುತ್ತಾಳೆ, ಒಂದು ಪ್ರಶ್ನೆ ಇಲ್ಲ. ಊರವರ ಹಳೆ ಬೋಗುಣಿ ಕೈಗೆ ಬಂದರೂ ನೀವು ಬಿಸಿಲಿಗೆ ಹಿಡಿದು ನಾಲ್ಕು ಸಲ ತಿರುಗಿಸಿ, ಎಲ್ಲಿ ತೂತಾಗಿದೆ, ಯಾಕೆ ಆಗಿದೆ ಎಂದು ಕೇಳಿಯೇ ಒಲೆಗೆ ಇಡುತ್ತಿದ್ದಿರಿ. ನನಗೆ ಅಷ್ಟೂ ಆಗಲಿಲ್ಲ.

ಶುರುವಿನಿಂದ ಹೇಳುತ್ತೇನೆ. ಹೋದ ವರ್ಷ ಬಕ್ರೀದ್ ಮುಗಿಸಿ ನೀವು ರಾಯಚೂರಿನಲ್ಲಿ ಬೊಂಬಾಯಿ ರೈಲು ಹತ್ತಿದಾಗ ನನಗೆ ಮೂರು ತಿಂಗಳಾಗಿತ್ತು. ಸ್ಟೀಲ್ ಪಾತ್ರೆ ಬಂದು ಹಿತ್ತಾಳೆ ಪಾತ್ರೆಯ ಒಳಮೈಗೆ ಕಲಾಯಿ ಹಾಕುವ ನಮ್ಮಂಥವರ ಹೊಟ್ಟೆಯ ಮೇಲೆ ಹೊಡೆಯಿತು ಎಂದು ಬೈಯುತ್ತಲೇ, ಅದೇ ಸ್ಟೀಲ್ ಪಾತ್ರೆಗೆ ಪಾಲಿಶ್ ಮಾಡುವ ಕಾರ್ಖಾನೆಗೆ ಹೋದಿರಿ. ನಾನು ಬೇಡ ಎನ್ನಲಿಲ್ಲ. ಮುಂದಿನ ತಿಂಗಳೇ ಹೊಟ್ಟೆಯಲ್ಲಿದ್ದದ್ದು ಹೋಯಿತು. ಅದಾದ ಮೇಲೆ ಕೈಬೆರಳಿಗೆ ಜೋಮು ಹಿಡಿಯಲು ಶುರುವಾಯಿತು, ಆಮೇಲೆ ಪಾದಕ್ಕೆ, ನಡುನಡುವೆ ಹೊಟ್ಟೆನೋವು. ಬೆಳಿಗ್ಗೆ ಎದ್ದರೆ ಕೈ ನನ್ನದಲ್ಲ ಅನ್ನಿಸುತ್ತಿತ್ತು. ಕೊಡವಿದರೆ ಜುಮು ಜುಮು ಎಂದು ಸ್ವಲ್ಪ ಹೊತ್ತಿಗೆ ಸರಿಹೋಗುತ್ತಿತ್ತು. ಬೇಸಿಗೆಯ ಹೊತ್ತಿಗೆ ರೊಟ್ಟಿ ಬಡಿಯುವಾಗ ಮಣಿಕಟ್ಟು ಏಳದಾಯಿತು. ಒಂದು ದಿನ ಒಲೆಯ ಕೆಂಡ ಕಾಲಬೆರಳ ಮೇಲೆ ಬಿದ್ದದ್ದು ನನಗೆ ತಡವಾಗಿ ತಿಳಿಯಿತು. ನಿಮ್ಮ ಅಮ್ಮಿ ಅದನ್ನು ನೋಡಿದರು, ಅಲ್ಲಿಂದ ನನ್ನ ಹಣೆಬರಹ ಬದಲಾಯಿತು.

ಕಾರಣ ಹೇಳಲು ಬಾರದವರು ನಮ್ಮ ಓಣಿಯಲ್ಲಿ ಒಬ್ಬರೂ ಇರಲಿಲ್ಲ. ನಿಮ್ಮ ಅಮ್ಮಿ, ಅಮಾವಾಸ್ಯೆ ಮಧ್ಯಾಹ್ನ ಮೂರು ದಾರಿ ಕೂಡುವಲ್ಲಿ ನಿಂಬೆಹಣ್ಣು ತುಳಿದಿರಬೇಕು ಎಂದು ದರ್ಗಾಕ್ಕೆ ಕರೆದುಕೊಂಡು ಹೋಗಿ ತೋಳಿಗೆ ದಾರ ಕಟ್ಟಿಸಿದರು. ಪಕ್ಕದ ಮನೆಯ ಪಾರ್ವತೆಮ್ಮ ಗೋಡೆಯ ಆಚೆಯಿಂದಲೇ ಬಗ್ಗಿ, “ಹೊಟ್ಟಿ ಹೋದಾಗ ಖಾರಾ ತಿನ್ನಲಿಲ್ಲ ನೀ, ಮೈಯಾಗ ಗಾಳಿ ಹೊಕ್ಕಾದ ನೋಡು ವಾಹಿದಾ” ಅಂದಳು. ಅವಳ ಮನೆಯ ಶುಂಠಿ ಕಷಾಯ ಎರಡು ವಾರ ಕುಡಿದೆ. ಪಾಪ, ಅವಳೊಬ್ಬಳೇ ಕೊನೆಯವರೆಗೂ ನನ್ನ ಕೈ ಮುಟ್ಟಿ ಮಾತಾಡಿದವಳು. ಓಣಿಯ ತುದಿಯಲ್ಲಿ ಸೂಜಿ ಚುಚ್ಚುವವನೊಬ್ಬ ಇದ್ದಾನಲ್ಲ, ಅವನು ರಕ್ತ ಕಡಿಮೆ ಎಂದು ಹತ್ತು ಸೂಜಿ ಚುಚ್ಚಿದ. ಸಕ್ಕರೆ ಕಾಯಿಲೆ ಎಂದ, ಅದೂ ಇಲ್ಲವೆಂದು ಗೊತ್ತಾಯಿತು. ಕುತ್ತಿಗೆ ಎಲುಬು ಎಂದ. ಎಲ್ಲ ಮುಗಿದ ಮೇಲೆ ಒಂದು ದಿನ ನನ್ನನ್ನು ಹೊರಗೆ ಕೂರಿಸಿ ನಿಮ್ಮ ಅಮ್ಮಿಯ ಕಿವಿಯಲ್ಲಿ ಹೇಳಿದ. ಹೊರಗಿದ್ದ ನನಗೂ ಕೇಳಿಸಿತು. “ಇದು ದೊಡ್ಡ ರೋಗ ಇರಬೌದು. ಮನ್ಯಾಗ ಸಣ್ಣ ಕೂಸು ಅದ, ದೂರ ಇಡ್ರಿ.”

ಆ ದಿನದಿಂದ ನನ್ನ ತಾಟು ಬೇರೆ, ಲೋಟ ಬೇರೆ, ಚಾಪೆ ಬೇರೆ. ರಂಜು ಅಮ್ಮೀ ಎಂದು ಓಡಿ ಬಂದರೆ ಅಜ್ಜಿ ಹಿಂದಿನಿಂದ ಅವಳ ಲಂಗ ಹಿಡಿದು ಎಳೆಯುತ್ತಿದ್ದರು. ನಾಲ್ಕು ವರ್ಷದ ಕೂಸು, ತಾನೇನು ತಪ್ಪು ಮಾಡಿದೆ ಎಂದು ನನ್ನ ಮುಖ ನೋಡುತ್ತಿತ್ತು. ಅಷ್ಟರಲ್ಲಿ ನಿಮ್ಮ ಮೂರು ಸಾಲು ಬಂತು. ಹೊರಡುವ ದಿನ ನಾನು ತಿನ್ನುತ್ತಿದ್ದ ಹಿತ್ತಾಳೆ ಬೋಗುಣಿಯನ್ನು ಅತ್ತೆ ಕಾಲಿಂದ ನನ್ನ ಕಡೆ ಸರಿಸಿದರು. “ನಿನ್ನ ಬೋಗುಣಿ ನೀನ ತಗೊಂಡ್ ಹೋಗು. ಇಲ್ಲಿ ಬ್ಯಾಡ.” ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಮಾನ್ವಿಯವರೆಗೆ ಬಂದೆ. ಅಳಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಮಾನ್ವಿಯಲ್ಲಿ ದೊಡ್ಡ ರೋಗದ, ಅಂದರೆ ಕುಷ್ಠದ ಸರ್ವೆ ಮಾಡುವವರು ಗುರುವಾರ ಬರುತ್ತಾರೆ. ನಮ್ಮ ಅಬ್ಬಾ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ಬೆಂಚಿನ ಮೇಲೆ ತಾಯಣ್ಣ ಎಂಬ ಮುದುಕರು ಕೂತಿದ್ದರು, ಬೆರಳುಗಳು ಸ್ವಲ್ಪ ಮಡಚಿಕೊಂಡಿದ್ದವು. ನಾನು ಅವರಿಂದ ಒಂದು ಗೇಣು ಆಚೆ ಸರಿದೆ. ಹೌದು, ನಾನೇ. ಅವರು ಅದನ್ನು ನೋಡಿ ಏನೂ ಬೇಜಾರು ಮಾಡಿಕೊಳ್ಳದೆ, “ಕುಂದ್ರವ್ವಾ, ಗುಳಿಗಿ ಮುಗಿದು ವರ್ಷ ಆತು. ನನ್ನಿಂದ ಯಾರಿಗೂ ಏನೂ ಆಗಂಗಿಲ್ಲ” ಅಂದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಸರ್ವೆಯವರು ಹತ್ತಿಯ ಎಳೆಯಿಂದ, ಸೂಜಿಯ ಮೊನೆಯಿಂದ ಮೈಯೆಲ್ಲ ಮುಟ್ಟಿ ನೋಡಿ, ಎಲ್ಲೂ ಮಚ್ಚೆ ಇಲ್ಲ, ಮೊಣಕೈ ನರ ದಪ್ಪವಾಗಿಲ್ಲ, ನಿನಗೆ ಆ ರೋಗ ಇಲ್ಲ ಎಂದು ಬರೆದುಕೊಟ್ಟರು. ಆ ಚೀಟಿಯನ್ನು ಅಬ್ಬಾ ದೇವದುರ್ಗಕ್ಕೆ ಕಳಿಸಿದರು. ನಿಮ್ಮ ಅಮ್ಮಿ, ಸರ್ಕಾರದವರು ಹಾಗೆ ಬರೆಯುತ್ತಲೇ ಇರುತ್ತಾರೆ ಎಂದು ಹೇಳಿ ಕಳಿಸಿದರು. ಇದ್ದಿದ್ದರೂ ಏನಾಗುತ್ತಿತ್ತು? ತಾಯಣ್ಣನಿಗೆ ಗುಳಿಗೆ ಕೊಟ್ಟು ವಾಸಿ ಮಾಡಿದವರು ನನಗೂ ಕೊಡುತ್ತಿದ್ದರು. ರೋಗ ಇದ್ದವರನ್ನು ಹೊರಗೆ ಹಾಕಬಹುದು ಎಂದು ನಿಮಗೆ ಹೇಳಿಕೊಟ್ಟವರು ಯಾರು?

ಸರ್ವೆಯವರೇ ರಾಯಚೂರಿನ ಡಾಕ್ಟರಮ್ಮನೊಬ್ಬರ ಹೆಸರು ಹೇಳಿ ಕಳಿಸಿದರು. ಇಪ್ಪತ್ತು ದಿನದ ಹಿಂದೆ ಹೋಗಿದ್ದೆ. ಬಿಳಿ ಕೂದಲಿನ ಹೆಂಗಸು, ಮಾತು ಖಡಕ್ಕು. ನಾನು ನಿಂಬೆಹಣ್ಣಿನಿಂದ ಹಿಡಿದು ಕುತ್ತಿಗೆ ಎಲುಬಿನವರೆಗೆ ಎಲ್ಲ ಹೇಳಿದೆ. ಅವರು ನಗಲಿಲ್ಲ. ಕೈಕಾಲಿಗೆ ಜೋಮು ಬರಲು ನೂರು ದಾರಿ ಇವೆಯಂತೆ. ಸಕ್ಕರೆಯಿಂದ ಬರುತ್ತದೆ, ತಿನ್ನುವ ಅನ್ನದಲ್ಲಿ ಸತ್ವ ಇಲ್ಲದಿದ್ದರೆ ಬರುತ್ತದೆ, ಒಂದೇ ಸಮನೆ ಕೈ ಮಡಚಿ ದುಡಿದು ಮಣಿಕಟ್ಟಿನಲ್ಲಿ ನರ ಒತ್ತಿದರೂ ಬರುತ್ತದೆ. ಹೆಂಡ ಕುಡಿಯುವವರಿಗೆ, ಹತ್ತಿ ಬೆಳೆಗೆ ಹುಳದ ಎಣ್ಣೆ ಹೊಡೆಯುವವರಿಗೆ ಬಂದದ್ದನ್ನೂ ನೋಡಿದ್ದಾರಂತೆ. ಹೇಳುತ್ತ ಹೇಳುತ್ತಲೇ ನನ್ನ ಕೆಳತುಟಿ ಎಳೆದು ಟಾರ್ಚು ಬಿಟ್ಟರು. ಒಸಡಿನ ಅಂಚಿಗೆ ಗೆರೆ ಎಳೆದ ಹಾಗೆ ನೀಲಿ ಇದೆ ಎಂದು ಕನ್ನಡಿ ಹಿಡಿದು ತೋರಿಸಿದರು. ಆಮೇಲೆ ಕೇಳಿದರು, “ನಿಮ್ಮ ಮನ್ಯಾಗ ಏನ್ ಕೆಲಸ ಮಾಡ್ತಾರಮ್ಮ?” ಒಂದು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಇದು. ಕಲಾಯಿ ಎಂದೆ. ಅವರು ಪೆನ್ನು ಕೆಳಗಿಟ್ಟು, ಪಾತ್ರೆಗೆ ಹಾಕುವುದರಲ್ಲಿ ಸೀಸ ಬೆರೆಸುತ್ತೀರಾ ಎಂದರು. ನನಗೆ ಮೈ ಉರಿಯಿತು. “ಇಲ್ರೀ ಅಮ್ಮಾ, ನಮ್ಮ ಯಜಮಾನ್ರು ಮಂದಿ ಪಾತ್ರಿಗೆ ಗುಂಜಿಯಷ್ಟೂ ಬೆರೆಸಿಲ್ಲ, ಇಡೀ ದೇವದುರ್ಗ ಕೇಳ್ರಿ” ಅಂದೆ. ಅಲ್ಲಿಯೂ ನಾನು ನಿಮ್ಮ ಮರ್ಯಾದೆ ಕಾಯಲು ಹೋದೆ, ನೋಡಿ.

ಹೊರಗೆ ಬಂದು ಬಸ್ಸಿಗೆ ಕಾಯುತ್ತ ಕೂತಾಗ ನಾನು ಹೇಳಿದ ಮಾತು ನನಗೇ ಮತ್ತೆ ಕೇಳಿಸಿತು. ಮಂದಿ ಪಾತ್ರೆಗೆ.

ಮನೆಗೆ ಬಂದು ಆ ಹಿತ್ತಾಳೆ ಬೋಗುಣಿಯನ್ನು ಅಬ್ಬಾನ ಮುಂದೆ ಇಟ್ಟೆ. ನಿಮ್ಮ ಮಾವ ದಸ್ತಗೀರ್ ಸಾಬರದು ನಲವತ್ತು ವರ್ಷ ಕಲಾಯಿ ಹಾಕಿದ ಕೈ, ಅವರಿಗೆ ಡಾಕ್ಟರು ಬೇಕಿಲ್ಲ. ಒಳಗಿನ ಮೈಯಿಂದ ಉಗುರಲ್ಲಿ ಒಂದು ಚೂರು ಕೆರೆದು ಬಿಳಿ ಕಾಗದದ ಮೇಲೆ ಉಜ್ಜಿದರು. ಪೆನ್ಸಿಲಿನಲ್ಲಿ ಬರೆದ ಹಾಗೆ ಕಪ್ಪು ಗೆರೆ ಬಿತ್ತು. ಅಪ್ಪಟ ಕಲಾಯಿ ಹಾಗೆ ಗೆರೆ ಬಿಡುವುದಿಲ್ಲ ಎಂದು ನಿಮಗೆ ನಾನು ಹೇಳಬೇಕೇ? ಅಬ್ಬಾ ಆ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡರು. “ನಾವೂ ಹಂಗ ಮಾಡಿದ್ವಿ ಬೇಟಿ. ಎಲ್ಲಾರೂ ಹಂಗ ಮಾಡ್ತಾರ” ಅಂದರು. ಅವರ ಬೆರಳುಗಳು ಹತ್ತು ವರ್ಷದಿಂದ ನಡುಗುತ್ತಿವೆ, ವಯಸ್ಸಾಯಿತು ಎಂದುಕೊಂಡಿದ್ದೆವು. ಮರುದಿನವೇ ಮನೆಯ ಪಾತ್ರೆಗಳನ್ನೆಲ್ಲ ಕೆರೆದು, ಹೊಸ ತವರದ ಬಿಲ್ಲೆ ತಂದು, ನಡುಗುವ ಕೈಯಿಂದಲೇ ಎಲ್ಲಕ್ಕೂ ಮತ್ತೆ ಕಲಾಯಿ ಹಾಕಿದರು. ನನ್ನನ್ನು ಅಂಗಳಕ್ಕೆ ಬರಗೊಡಲಿಲ್ಲ.

ಈಗ ನಿಮ್ಮ ಮಾತು ನಿಮಗೆ ನೆನಪು ಮಾಡುತ್ತೇನೆ. ಗಿರಾಕಿಗಳ ಪಾತ್ರೆಗೆ ಬೊಂಬಾಯಿ ಬಿಲ್ಲೆ. ನಮ್ಮ ಮನೆಯ ಪಾತ್ರೆಗೆ ಉಳಿದದ್ದು, ಗ್ಯಾರೇಜಿನಿಂದ ತಂದ ಹಳೆ ಬ್ಯಾಟರಿಯ ಸೀಸ ಕರಗಿಸಿ ಬೆರೆಸಿದ್ದು. “ಮಂದಿ ಬೋಗುಣಿಗೆ ಸೀಸ ಹಚ್ಚಿದ್ರ ಹರಾಮ್. ಮನಿ ಬೋಗುಣಿ ಯಾರ್ ನೋಡ್ತಾರ?” ಎಂದು ಹೇಳಿ ನಗುತ್ತಿದ್ದಿರಿ. ನಾನೂ ನಗುತ್ತಿದ್ದೆ, ಅದು ನನಗೆ ಇನ್ನೂ ಉರಿಯುತ್ತದೆ. ಎಂಥ ಪ್ರಾಮಾಣಿಕ ಗಂಡ ಸಿಕ್ಕಿದ್ದಾನೆ ಎಂದು ನೀರಿಗೆ ಹೋದಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ. ನೀವು ಸೀಸ ಕರಗಿಸುವಾಗ ತಿದಿ ಒತ್ತುತ್ತಿದ್ದವಳು ಯಾರು? ಬಸುರಿಯಾಗಿದ್ದಾಗಲೂ ಆ ಹೊಗೆಯ ಮುಂದೆ ಕೂತವಳು ಯಾರು? ಹೊಟ್ಟೆಯಲ್ಲಿದ್ದದ್ದು ಹೋದದ್ದು ಇದರಿಂದಲೇ ಎಂದು ಖಂಡಿತ ಹೇಳಲಾಗದು, ಆದರೆ ಹೀಗೆ ಹೋಗುವುದು ಉಂಟು ಎಂದು, ನಾಲ್ಕು ದಿನ ಬಿಟ್ಟು ಬೋಗುಣಿಯ ಸುದ್ದಿ ತಿಳಿಸಲು ಮತ್ತೆ ಹೋದಾಗ ಡಾಕ್ಟರಮ್ಮ ಹೇಳಿದರು. ಅದನ್ನು ಕೇಳಿದ ಮೇಲೆ ನಾನು ಹೇಗಿದ್ದೇನೆ ಎಂದು ನೀವು ಕೇಳಬೇಡಿ.

ನನಗೊಬ್ಬಳಿಗೇ ಯಾಕೆ, ಅತ್ತೆಗೆ, ನಿಮ್ಮ ತಮ್ಮ ಮೀರಾಹುಸೇನನಿಗೆ ಯಾಕಿಲ್ಲ ಎಂದು ನೀವು ಕೇಳುತ್ತೀರಿ, ಗೊತ್ತು. ನಾನೂ ಅದನ್ನೇ ಕೇಳಿದೆ. ಹುಳಿ ಪದಾರ್ಥ ಅಂಥ ಪಾತ್ರೆಯಲ್ಲಿ ನಿಂತಷ್ಟೂ ಸೀಸ ಬಿಡುತ್ತದಂತೆ. ನಿಮ್ಮ ಅಮ್ಮಿ ಕೀಲುನೋವೆಂದು ಹುಳಿ ಮುಟ್ಟುವುದಿಲ್ಲ. ನಿಮ್ಮ ತಮ್ಮ ಬಿಸಿಬಿಸಿ ಉಂಡು ಎದ್ದು ಹೋಗುತ್ತಾನೆ. ಎಲ್ಲರದೂ ಆದ ಮೇಲೆ ಉಣ್ಣುವವಳು ಸೊಸೆ. ರಾತ್ರಿ ಉಳಿದ ಹುಳಿಹುಳಿ ಪುಂಡಿಪಲ್ಯ ಬೋಗುಣಿಯಲ್ಲೇ ಮುಚ್ಚಿಟ್ಟು, ಬೆಳಿಗ್ಗೆ ತಳ ಕೆರೆದು ರೊಟ್ಟಿಗೆ ಹಚ್ಚಿಕೊಂಡು ತಿನ್ನುವವಳು ಸೊಸೆ. ಸೀಸದ ಮೇಲೆ ಸೀಸ. ಇದರಲ್ಲಿ ಯಾರೂ ನನಗೆ ಬೇಕೆಂದು ವಿಷ ಹಾಕಲಿಲ್ಲ. ನಮ್ಮ ಮನೆಯ ರೀತಿಯೇ ಹಾಕಿತು.

ಈಗ ಮುಖ್ಯವಾದದ್ದು ಕೇಳಿ. ಆ ಮನೆಯಲ್ಲಿ ಈಗ ತಂಗಳು ಪಲ್ಯ ಯಾರು ತಿನ್ನುತ್ತಾರೆ? ರಂಜುಗೆ ಪುಂಡಿಪಲ್ಯ ಎಂದರೆ ಜೀವ, ನಾನು ತಿನ್ನುವಾಗ ನನ್ನ ಬೆರಳು ನೆಕ್ಕುತ್ತಿದ್ದಳು. ಈಗ ಅಜ್ಜಿ ಬೆಳಿಗ್ಗೆ ಅನ್ನಕ್ಕೆ ಕಲಸಿ ಕೈತುತ್ತು ಕೊಡುತ್ತಾರಂತೆ. ಪ್ರೀತಿಯಿಂದಲೇ ಕೊಡುತ್ತಾರೆ, ನಿಮ್ಮ ಅಮ್ಮಿ ಕೆಟ್ಟವರೆಂದು ನಾನು ಇವತ್ತಿಗೂ ಹೇಳುವುದಿಲ್ಲ. ಮೀರಾಹುಸೇನನೂ ನೀವು ಕಲಿಸಿದ ಹಾಗೆಯೇ ಮನೆಯ ಪಾತ್ರೆಗೆ ಉಳಿದದ್ದನ್ನೇ ಹಾಕುತ್ತಿದ್ದಾನೆ. ನನ್ನಿಂದ ಮಗುವನ್ನು ಉಳಿಸಬೇಕೆಂದು ನನ್ನನ್ನು ಹೊರಗೆ ಹಾಕಿದಿರಿ. ಪಾತ್ರೆಯನ್ನು ಒಳಗೆ ಇಟ್ಟುಕೊಂಡಿರಿ. ಎರಡನೇ ಸಲ ಹೋದ ದಿನ ಡಾಕ್ಟರಮ್ಮನಿಗೆ ಮನೆಯಲ್ಲಿ ಮಗು ಇದೆ ಎಂದ ಕೂಡಲೇ ಅವರ ದನಿ ಬದಲಾಯಿತು. “ದೊಡ್ಡವರು ತಡಕೋತಾರ. ಸಣ್ಣ ಕೂಸಿಗೆ ಇದು ತಲಿಗೇ ಹೊಡೀತದ. ಮೊದಲ ಆ ಕೂಸನ್ನ ಕರಕೊಂಬರ್ರಿ” ಅಂದರು.

ಅಬ್ಬಾ ಅವತ್ತಿನ ಮರುದಿನವೇ ದೇವದುರ್ಗಕ್ಕೆ ಹೋಗಿ ಹೇಳಿದರು. ಕಾಗದದ ಮೇಲಿನ ಕಪ್ಪು ಗೆರೆಯನ್ನೂ ತೋರಿಸಿದರು. ನಿಮ್ಮ ಅಮ್ಮಿ, “ನನ್ನ ಮಗನ ಕಲಾಯಿಗೆ ಹೆಸರಿಡಾಕ ಬಂದೀರೇನ್ರಿ? ಅಂವಾ ಬರೀಲಿ, ಆಮ್ಯಾಲ ನೋಡೂಣು” ಅಂದರಂತೆ. ಅಬ್ಬಾ ತಲೆ ತಗ್ಗಿಸಿ ವಾಪಸು ಬಂದರು. ಹಾಗಾಗಿ ಕೈ ಪೆನ್ನು ಹಿಡಿಯುವಷ್ಟಾದ ಕೂಡಲೇ ನಿಮಗೆ ಬರೆಯುತ್ತಿದ್ದೇನೆ. ನಿಮ್ಮ ಅಮ್ಮಿಗೆ ನಿಮ್ಮ ಕೈಯಕ್ಷರ ಬಿಟ್ಟರೆ ಬೇರೆ ಯಾವುದರ ಮೇಲೂ ನಂಬಿಕೆ ಇಲ್ಲ. ಮನೆಯ ಪಾತ್ರೆಯಲ್ಲಿ ಸೀಸ ಇದೆ, ನಾನೇ ಬೆರೆಸಿದ್ದೆ, ಇವತ್ತಿನಿಂದ ಅದರಲ್ಲಿ ಬೇಯಿಸಬೇಡ, ರಂಜುವನ್ನು ತಾಯಿಯ ಜೊತೆ ಕಳಿಸು ಎಂದು ಬರೆಯಿರಿ. ನಾನೇ ಎನ್ನುವ ಮಾತು ಬಿಡಬೇಡಿ. ಬೇಕಾದರೆ ಮೂರೇ ಸಾಲಿನಲ್ಲಿ ಬರೆಯಿರಿ, ಮೂರು ಸಾಲಿನಲ್ಲಿ ಏನೆಲ್ಲ ಮಾಡಬಹುದು ಎಂದು ನಿಮಗೆ ಗೊತ್ತಿದೆ. ನಿಮ್ಮ ಅಪ್ಪಣೆ ಬರುವವರೆಗೆ ನಾನು ಅವರ ಹೊಸಿಲು ತುಳಿಯುವುದಿಲ್ಲ, ನಮ್ಮ ಎರಡೂ ಮನೆಗಳ ಮರ್ಯಾದೆಗಾಗಿ ಕಾಯುತ್ತೇನೆ.

ನನಗೆ ಹೈದರಾಬಾದಿನಿಂದ ತರಿಸಿದ ಗುಳಿಗೆ ಕೊಡುತ್ತಿದ್ದಾರೆ. ಹೊಟ್ಟೆನೋವು ನಿಂತಿದೆ. ಪಾದದ ಜೋಮು ಅರ್ಧ ಇಳಿದಿದೆ, ಕೈಗೆ ಇನ್ನೂ ತಿಂಗಳುಗಟ್ಟಲೆ ಬೇಕಂತೆ. ನಿನ್ನೆ ಒಂದು ರೊಟ್ಟಿ ಬಡಿದೆ, ಆಂಧ್ರದ ನಕ್ಷೆಯ ಹಾಗೆ ಆಯಿತು. ಅಬ್ಬಾ ಚೆನ್ನಾಗಿದೆ ಎಂದು ತಿಂದರು.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಪಾಲಿಶ್ ಮಾಡುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ನಿಮ್ಮ ಜೊತೆಯಲ್ಲಿರುವ ನಮ್ಮ ಊರ ಕಡೆಯವರಿಗೆಲ್ಲ ನನ್ನ ಸಲಾಮು ತಿಳಿಸಿ, ಅವರ ಮನೆಗಳ ಪಾತ್ರೆಗೆ ಏನು ಹಾಕಿ ಬಂದಿದ್ದಾರೆ ಎಂದೂ ಕೇಳಿ. ಅಲ್ಲಾ ನಿಮಗೆ ಆಯಸ್ಸು ಕೊಡಲಿ, ಅದರ ಜೊತೆಗೆ ಸ್ವಲ್ಪ ವಿಚಾರವನ್ನೂ ಕೊಡಲಿ.

ಇಂತಿ,
ರಂಜಾನಬಿಯ ತಾಯಿ
ವಾಹಿದಾ

ತಾ.ಕ.: ಇವತ್ತು ಶನಿವಾರ, ೧೭ನೇ ತಾರೀಖು. ಕಾಗದಕ್ಕೆ ಅಂಟು ಹಚ್ಚುವಷ್ಟರಲ್ಲಿ ಮೀರಾಹುಸೇನ ಬೆಳಗಿನ ಬಸ್ಸಿಗೆ ಬಂದ, ಅತ್ತೆಗೆ ಹೇಳದೆ ಬಂದಿದ್ದಾನೆ. ರಂಜು ಎಂಟು ದಿನದಿಂದ ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದಾಳಂತೆ. ತಾಯಿಯ ನೆನಪಿಗೆ ಹಾಗೆ ಮಾಡುತ್ತಾಳೆ ಎಂದು ಹರಳೆಣ್ಣೆ ಕುಡಿಸುತ್ತಿದ್ದಾರೆ. ನಿನ್ನೆ ಹಾಲಿನ ಲೋಟ ಕೈಯಿಂದ ಬಿತ್ತಂತೆ, ಮತ್ತೆ ಕೊಟ್ಟರೆ ಮತ್ತೆ ಬಿತ್ತಂತೆ. “ಭಾಭಿ, ಬೆರಳಾಗ ಇರಿವಿ ಅದಾವ ಅಂತಾಳ” ಎಂದು ಹೇಳಿ ಅವನೇ ಅತ್ತುಬಿಟ್ಟ. ಮೇಲೆ ಅಪ್ಪಣೆ ಕೇಳಿ ಬರೆದದ್ದನ್ನು ಹೊಡೆದುಹಾಕಿ. ಅದು ಬುಧವಾರದ ಮಾತು. ಒಂದೂವರೆಯ ಬಸ್ಸಿಗೆ ನಾನು ದೇವದುರ್ಗಕ್ಕೆ ಹೊರಟಿದ್ದೇನೆ, ಮಗುವನ್ನು ಕರೆದುಕೊಂಡು ಅಲ್ಲಿಂದ ನೇರ ರಾಯಚೂರಿಗೆ ಹೋಗುತ್ತೇನೆ. ಬಾಗಿಲಿಗೆ ಯಾರು ಅಡ್ಡ ನಿಂತರೂ ಮುಟ್ಟಿ ಪಕ್ಕಕ್ಕೆ ಸರಿಸುತ್ತೇನೆ, ನನ್ನನ್ನು ಮುಟ್ಟಲು ಹೆದರುವುದು ಅವರು, ನಾನಲ್ಲ. ಇನ್ನು ಮೇಲೆ ಕಾಗದ ಬರೆದರೆ ಮಾನ್ವಿ ವಿಳಾಸಕ್ಕೆ ಬರೆಯಿರಿ. ದೇವದುರ್ಗದಲ್ಲಿ ನಿಮ್ಮ ಹೆಂಡತಿಯೂ ಇಲ್ಲ, ಮಗಳೂ ಇಲ್ಲ.